ಆ್ಯಸಿಡ್ಡಿಗೆ ಬಿದ್ದ ರೋಮನ್ ನಾಣ್ಯ

ಬೇಡಕಿಹಾಳದ ನಮ್ಮ ಹೊಲಕ್ಕೆ ಆಗಿನ್ನೂ ಜೆಸಿಬಿ ಬಂದಿರಲಿಲ್ಲ. ದ್ರಾಕ್ಷಿ ಹಚ್ಚುವ ಕುಣಿಗಳನ್ನು ಆಳುಗಳು ಗುದ್ದಲಿಯಿಂದಲೇ ತೋಡುತ್ತಿದ್ದರು. ಮನೆಗೆಲ್ಲ ಒಂದೇ ಮೊಬೈಲು, ಅದರಲ್ಲಿ ಚಿತ್ರ ತೆಗೆಯಲು ಬರುತ್ತಿರಲಿಲ್ಲ. ನಾನು ಆರನೇ ಇಯತ್ತೆ ಮುಗಿಸಿದ ಆ ಬೇಸಿಗೆಯಲ್ಲಿ, ಕುಣಿಯ ಮಣ್ಣಿನೊಳಗೆ ನನಗೊಂದು ಹಸಿರು ಬಿಲ್ಲೆ ಸಿಕ್ಕಿತು. ಹುಣಸೆಬೀಜಕ್ಕಿಂತ ತುಸು ದೊಡ್ಡದು.

ದೊಡ್ಡಪ್ಪನ ಮಗ ಮಲ್ಲು ನೋಡಿ ನಕ್ಕ. "ಅಂಗಿ ಗುಂಡಿ ಐತಿ ಅದು. ಒಗಿ ಆ ಕಡೆ."

ಗುಂಡಿಯಲ್ಲ ಎಂದವನು ಕೊಲ್ಹಾಪುರದಿಂದ ಬಂದ ನನ್ನ ಸೋದರಮಾವ. ಹಳೆಯ ನಾಣ್ಯಗಳೆಂದರೆ ಅವನಿಗೆ ಪ್ರಾಣ. ಸಂಜೆಯ ಬಿಸಿಲಿಗೆ ಓರೆಯಾಗಿ ಹಿಡಿದು ತೋರಿಸಿದ: ಒಂದು ಬದಿ ಮುತ್ತಿನ ಪಟ್ಟಿ ಕಟ್ಟಿದ ತಲೆ, ಇನ್ನೊಂದು ಬದಿ ಈಟಿ ಹಿಡಿದ ಇಬ್ಬರು ಸಿಪಾಯಿಗಳು, ನಡುವೆ ಧ್ವಜ.

"ರೋಮ್ ರಾಜ್ಯದ ಕಡೀ ಕಾಲದ ಕಂಚಿನ ನಾಣ್ಯ ಇದು. ಹೆಸರು 'ಕಾನ್‌ಸ್ಟ್' ತನಕ ಕಾಣ್ತೈತಿ. ರಾಜನಾಗಿದ್ದ ಅಪ್ಪನ ಹೆಸರೂ ಹಂಗ ಶುರು, ಆಮ್ಯಾಲ ಆಳಿದ ಅವನ ಮಕ್ಕಳದ್ದೂ ಹಂಗ ಶುರು. ಮುಂದಿನ ಅಕ್ಷರ ಬಂದ್ರ ಯಾರಂತ ಗೊತ್ತಾಗ್ತೈತಿ. ತಿಕ್ಕಬ್ಯಾಡವ್ವಾ. ಆ ಹಸರ ಪದರದಾಗ ಅಕ್ಷರ ಅದಾವು. ಎಣ್ಣ್ಯಾಗ ನೆನಿ ಹಾಕು. ಮಳಿಗಾಲಕ್ಕ ಅಕ್ಷರ ದೊಡ್ಡದು ಮಾಡಿ ತೋರ್ಸೋ ಭಿಂಗ ತರ್ತೀನಿ."

ಬಟ್ಟಲಿನ ಶೇಂಗಾ ಎಣ್ಣೆಯಲ್ಲಿ ನಾಣ್ಯ ನೆನೆಯಿತು. ದಿನಾ ಮುಂಜಾನೆ ಹಿಡಿಕಡ್ಡಿಯ ತುದಿಗೆ ಅರಳೆ ಸುತ್ತಿ ಮಣ್ಣು ಬಿಡಿಸುತ್ತಿದ್ದೆ. ಒಂದು 'ಎ' ಎದ್ದಿತು, ಆಮೇಲೆ 'ಎನ್'. ಅದರ ಮುಂದಿನದು 'ಎಸ್' ಆದರೆ ರಾಜನ ಕಿರಿಯ ಮಗ ಎಂದು ಮಾವ ಹೇಳಿದ್ದ. ಮನೆಗೆ ಬಂದವರೆಲ್ಲ ನನ್ನ ಬಟ್ಟಲಿಗೆ ಇಣುಕುತ್ತಿದ್ದರು. ಚಿಕ್ಕೋಡಿಯ ಓಟದಲ್ಲಿ ಮಲ್ಲು ಗೆದ್ದ ಪದಕ ಗೋಡೆಯ ಮೇಲೆ ಸುಮ್ಮನೆ ತೂಗುತ್ತಿತ್ತು.

ಒಂದು ಮಧ್ಯಾಹ್ನ ಬಚ್ಚಲಿನಿಂದ ಮೂಗು ಸುಡುವ ವಾಸನೆ ಬಂತು. ನೆಲದ ಫರ್ಶಿ ತೊಳೆಯುವ ಆ್ಯಸಿಡ್ಡಿನಿಂದ ನಾಣ್ಯವನ್ನೆತ್ತಿ ಮಲ್ಲು ನನ್ನ ಅಂಗೈಗೆ ಹಾಕಿದ. ಕೆಂಪಗೆ ಹೊಳೆಯುತ್ತಿತ್ತು. ತಲೆಯಿಲ್ಲ, ಸಿಪಾಯಿಗಳಿಲ್ಲ, ಒಂದು ಅಕ್ಷರವೂ ಇಲ್ಲ.

"ಬೆಳಗಿ ಕೊಟ್ಟೇನಿ ನೋಡು," ಎಂದ, ನಗುತ್ತ.

ಅಜ್ಜಿಗೆ ಹೇಳಿದರೆ, "ಹುಡುಗ ತೊಳದಾನ, ಏನ್ ಆತೀಗ? ಬಾ, ಸೀಕರಣಿ ತಿನ್ನು," ಎಂದಳು. ನಾನು ತಿನ್ನಲಿಲ್ಲ. ಮಲ್ಲು ಗೋಲಿ ಆಡಲು ಹೋಗುವ ತನಕ ಕಾದೆ. ಪದಕ ಇಳಿಸಿ ಅದೇ ಆ್ಯಸಿಡ್ಡಿಗೆ ಹಾಕಿದೆ. ಚಿನ್ನದ ಬಣ್ಣ ಸುಲಿಯಿತು, ಓಡುವ ಹುಡುಗನ ಚಿತ್ರ ಕರಗಿತು. ಒರೆಸಿ, ಅವನ ಗೆಳೆಯರ ಎದುರೇ ಕೈಗಿಟ್ಟೆ.

"ನಾನೂ ಬೆಳಗಿ ಕೊಟ್ಟೇನಿ."

ಅವನು ಅತ್ತ. ಅತ್ತು ಮುಗಿಯುವ ತನಕ ನಿಂತು ನೋಡಿದೆ. ಅಜ್ಜಿ ಕೊಟ್ಟ ಪೆಟ್ಟು ನನಗೆ ಹತ್ತಲೇ ಇಲ್ಲ.

ಮಳೆಗಾಲಕ್ಕೆ ಮಾವ ಭಿಂಗ ತಂದ. ನಾಣ್ಯವನ್ನು ಬಹಳ ಹೊತ್ತು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. ಮಾವ ಈಗಿಲ್ಲ. ಅಂಥ ನಾಣ್ಯಗಳ ಚಿತ್ರಗಳು ಈಗ ಮೊಬೈಲಿನಲ್ಲಿ ಬೇಕಾದಷ್ಟಿವೆ, ಅವುಗಳ ಹೆಸರು ಸಲೀಸಾಗಿ ಓದುತ್ತೇನೆ. ನಮ್ಮ ಹೊಲಕ್ಕೆ ಬಂದಿದ್ದವನು ಅಪ್ಪನೋ ಮಗನೋ ಮಾತ್ರ ತಿಳಿಯಲಿಲ್ಲ.

ಹೋದ ದೀಪಾವಳಿಗೆ ಮಲ್ಲು ಬಂದಿದ್ದ. ಚಹಾ ಕುಡಿಯುತ್ತ, "ಸಣ್ಣವರಿದ್ವಿ. ಬಿಟ್ಟಬಿಡು ಇನ್ನ," ಎಂದ.

"ನೀ ಬಿಟ್ಟೀಯೇನು?"

ಅವನು ಕಪ್ಪು ಕೆಳಗಿಟ್ಟ. "ಇಲ್ಲ."

"ನಾನೂ ಇಲ್ಲ."

ಆ ಬೇಸಿಗೆಯ ಮುಂಚೆ ನಾವಿಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಅವನು ಎದ್ದು ಹೊರಟಾಗ ಬಾಗಿಲ ತನಕ ಕಳಿಸಲೂ ನಾನು ಏಳಲಿಲ್ಲ.