ಕೇಳುವುದನ್ನು ನಿಲ್ಲಿಸಿದ ಕಂಪ್ಯೂಟರು

ಮಾಮಿಯ ಸೊಂಟದ ಮೂಳೆಗೆ ಆಪರೇಷನ್ ಆದ ಮೇಲೆ ಅವರ ಮಂಚವನ್ನು ಹಾಲಿಗೆ ತಂದೆವು. ನಮ್ಮಲ್ಲಿ ಅತ್ತೆಯನ್ನು ಮಾಮಿ ಎಂದೇ ಕರೆಯುವುದು. ದೇರೆಬೈಲಿನ ಈ ಫ್ಲ್ಯಾಟಿನಲ್ಲಿ ಹಾಲಿಗೇ ಸ್ವಲ್ಪ ಗಾಳಿ ಬೆಳಕು ಬರುವುದು. ಅದರ ಮೂಲೆಯಲ್ಲಿ ಕಂಪ್ಯೂಟರಿನ ಮೇಜು. ನನ್ನ ಗಂಡ ಮಸ್ಕತ್ತಿನಲ್ಲಿದ್ದಾರೆ. ಅವರು ವಿಡಿಯೋ ಕಾಲ್ ಮಾಡಿದಾಗ ಮಲಗಿದಲ್ಲಿಂದಲೇ ಮಗನ ಮುಖ ಕಾಣಲಿ ಎಂದು ಮಂಚವನ್ನು ಕಂಪ್ಯೂಟರಿಗೆ ಎದುರಾಗಿಯೇ ಹಾಕಿದ್ದೆವು. ಅವರಿಗೆ ಕೆಲಸದ ನಡುವೆ ಬಿಡುವು ಯಾವಾಗ ಸಿಗುತ್ತದೆಂದು ಹೇಳಲಾಗದು. ಹಾಗಾಗಿ ಬೆಳಿಗ್ಗೆ ಹಾಕಿದ ಕಂಪ್ಯೂಟರು ಸಂಜೆಯವರೆಗೂ ಆನ್ ಆಗಿಯೇ ಇರುತ್ತಿತ್ತು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಯವರ ಮನೆ ಕೂಳೂರಿನ ಆಚೆ. ನಡುವಿನ ಸೇತುವೆಯಲ್ಲಿ ವಾಹನಗಳು ಬ್ಲಾಕ್ ಆದರೆ ಅವರು ಬಂದು ಮುಟ್ಟುವಾಗ ಮಾಮಿಯ ಊಟವಾಗಿ ಕಣ್ಣು ಎಳೆಯುತ್ತಿರುತ್ತಿತ್ತು. ಕೊನೆಗೆ ಅವರೇ ಕಂಪ್ಯೂಟರಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಅದರಲ್ಲಿ ಒಬ್ಬಾಕೆ ಚಾಪೆಯ ಮೇಲೆ ಮಲಗಿ ಕಾಲು ಎತ್ತಿ ಇಳಿಸಿ ತೋರಿಸುತ್ತಾಳೆ. ನಾವು ಅದನ್ನು ನೋಡಿಕೊಂಡು ಮಾಡಿಸಿದರೆ ಆಯಿತು.

ಆದರೆ ಆ ಆ್ಯಪಿಗೆ ನಮ್ಮನ್ನೂ ನೋಡಬೇಕಿತ್ತು. ಟಿಂಗ್ ಎಂದು ಸದ್ದಾಗಿ ಪರದೆಯ ನಡುವೆ ಒಂದು ಚೌಕ ಬರುತ್ತಿತ್ತು. ನಿಮ್ಮ ಕ್ಯಾಮೆರಾ ಮತ್ತು ಮೈಕ್ ಬಳಸಬಹುದೇ ಎಂಬ ಪ್ರಶ್ನೆ. ಕೆಳಗೆ ಎರಡು ಗುಂಡಿ. ಒಂದರಲ್ಲಿ ‘ಯಾವಾಗಲೂ ಸರಿ’, ಇನ್ನೊಂದರಲ್ಲಿ ‘ಈಗ ಬೇಡ’. ಬರೀ ‘ಬೇಡ’ ಎಂಬುದು ಎಲ್ಲಿಯೂ ಇರಲಿಲ್ಲ. ನಾನು ಈಗ ಬೇಡ ಎಂದು ಒತ್ತುತ್ತಿದ್ದೆ. ಗಂಜಿ ಬಸಿದು ಬರುವಷ್ಟರಲ್ಲಿ ಮತ್ತೆ ಟಿಂಗ್.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಬಾಗಿಲಲ್ಲಿ ನಿಂತು ‘ಮೇ ಐ ಕಮ್ ಇನ್, ಸಿಸ್ಟರ್?’ ಎಂದು ಕೇಳಬೇಕಿತ್ತು. ಸಿಸ್ಟರ್ ತಲೆ ಎತ್ತದೆಯೇ ‘ನೋ’ ಎಂದರೆ ವರಾಂಡದಲ್ಲಿ, ಗಂಟೆಯ ಕೆಳಗೆ ಹೋಗಿ ನಿಲ್ಲುವುದು. ಮತ್ತೊಮ್ಮೆ ಕೇಳುವ ಧೈರ್ಯ ಯಾರಿಗಿತ್ತು? ಒಮ್ಮೆ ಹೇಳಿದ ಇಲ್ಲ, ಇಲ್ಲವೇ ಆಗಿರುತ್ತಿತ್ತು.

ಮಾಮಿ ಬೆಳೆದ ಮನೆಯಲ್ಲಿ ಬೇರೊಂದು ಕ್ರಮ. ಹೆಂಗಸರಿದ್ದ ಕಡೆಗೆ ಗಂಡಸರು ಬರುವಾಗ ಹೊಸ್ತಿಲ ಆಚೆಯೇ ಒಮ್ಮೆ ಕೆಮ್ಮುತ್ತಿದ್ದರಂತೆ. ಆ ಕೆಮ್ಮು ಕೇಳಿದರೆ ಸೆರಗು ಸರಿಮಾಡಿಕೊಳ್ಳುವುದು. ಕಂಪ್ಯೂಟರಿನ ಟಿಂಗನ್ನು ಅವರು ಅಂಥದೇ ಒಂದು ಕೆಮ್ಮು ಎಂದುಕೊಂಡಿದ್ದರು. ನಾನು ಬೆಳಿಗ್ಗೆ ಬಿಸಿನೀರಿನ ಬಕೆಟ್ ಇಟ್ಟು ಅವರ ಮೈ ಒರೆಸುವಾಗ ಸದ್ದಾದರೆ, ಅವರ ಕೈ ತಟ್ಟನೆ ಮೈ ಒರೆಸುವ ಬೈರಾಸನ್ನು, ಆ ದೊಡ್ಡ ಟವೆಲನ್ನು, ಹುಡುಕಿ ಹೆಗಲಿಗೆ ಎಳೆದುಕೊಳ್ಳುತ್ತಿತ್ತು.

“ಎಂತ, ಮಗ ಬಂದನಾ?”

“ಇಲ್ಲ ಮಾಮಿ, ಆ ಆ್ಯಪ್ ಕೇಳುವುದು. ನಿಮ್ಮನ್ನು ನೋಡ್ಬೇಕಂತೆ.”

“ನನ್ನನ್ನಾ? ಹೆಣ್ಣು ನೋಡ್ಲಿಕ್ಕೆ ಬಂದದ್ದಾ ಅದು? ಒಬ್ಬರು ನೋಡಿ ಒಪ್ಪಿ ಆಗಿದೆ ಅಂತ ಹೇಳು.”

ಇಬ್ಬರೂ ನಕ್ಕಿದ್ದೆವು. ಬೈರಾಸು ಮಾತ್ರ ಹೆಗಲ ಮೇಲೆಯೇ ಇತ್ತು.

ಒಂದು ದಿನ ಗಂಡನ ಜೊತೆ ಮಾತನಾಡುತ್ತಿದ್ದಾಗಲೇ ಆ ಚೌಕ ಬಂದು ಅವರ ಮುಖವನ್ನು ಮುಚ್ಚಿತು. ದಿನವಿಡೀ ಇದೇ ಕಥೆ, ಒಮ್ಮೆ ಬೇಡ ಎಂದರೆ ಇದಕ್ಕೆ ಅರ್ಥವಾಗುವುದಿಲ್ಲ ಎಂದೆ.

“ಸ್ಕ್ರೀನ್ ನನಗೆ ಬಿಡು, ಇಲ್ಲಿಂದಲೇ ನಾನು ನೋಡ್ತೇನೆ,” ಎಂದರು. ಅವರು ಹೇಳಿದ ಗುಂಡಿ ಒತ್ತಿದೆ. ಮೌಸಿನ ಮೇಲೆ ಯಾರ ಕೈಯೂ ಇಲ್ಲದೆ ಬಾಣದ ಗುರುತು ತಾನಾಗಿ ಹರಿದಾಡತೊಡಗಿತು. ಅದನ್ನು ನೋಡುತ್ತ ನಿಲ್ಲಲು ನನಗೆ ಹೇಗೋ ಆಯಿತು. ಒಲೆಯ ಮೇಲೆ ಬಂಗುಡೆ ಸಾರು ಕುದಿಯುತ್ತಿತ್ತು, ಒಳಗೆ ಹೋದೆ. ಬರುವಷ್ಟರಲ್ಲಿ ಮುಗಿದಿತ್ತು.

“ಇನ್ನು ಅದು ಕೇಳುವುದಿಲ್ಲ.”

“ಬೇಡ ಅಂತ ಹಾಕಿದ್ರಾ?”

“ಕೇಳುವುದನ್ನೇ ನಿಲ್ಲಿಸಿದೆ ಮಾರಾಯ್ತಿ. ನಿನಗೆ ಕಿರಿಕಿರಿ ಆಗಬಾರದಲ್ವಾ?”

ಅಷ್ಟರಲ್ಲಿ ಅಲ್ಲಿ ಯಾರೋ ಅವರನ್ನು ಕರೆದರು, ಕಾಲ್ ಕಟ್ಟಾಯಿತು.

ಆಮೇಲಿನ ದಿನಗಳು ಬಹಳ ನಿಶ್ಶಬ್ದವಾಗಿದ್ದವು. ನಾನು ಮುಂಬಾಗಿಲಿನ ಚಿಲಕ ಹಾಕಿ, ಎದುರಿನ ಫ್ಲ್ಯಾಟಿನವರಿಗೆ ಕಾಣದಂತೆ ಕರ್ಟನ್ ಎಳೆದು ಬಕೆಟ್ ತರುತ್ತಿದ್ದೆ. ಟಿಂಗ್ ಇಲ್ಲದ್ದರಿಂದ ಮಾಮಿಯ ಕೈ ಬೈರಾಸಿನ ಕಡೆಗೆ ಹೋಗುತ್ತಿರಲಿಲ್ಲ. ಒರೆಸಿದ ಬೆನ್ನಿಗೆ ಫ್ಯಾನಿನ ಗಾಳಿ ತಾಗಲಿ ಎಂದು ಸ್ವಲ್ಪ ಹೊತ್ತು ಹಾಗೆಯೇ ಕೂರುತ್ತಿದ್ದರು. “ಹಾ, ಈಗ ಜೀವ ಬಂತು,” ಎನ್ನುತ್ತಿದ್ದರು. ಹಾಸಿಗೆ ಹಿಡಿದ ಮೇಲೆ ಅವರು ಅಷ್ಟು ನಿರಾಳವಾಗಿ ಕೂತದ್ದನ್ನು ನಾನು ಕಂಡಿರಲಿಲ್ಲ.

ಪರದೆಯ ಮೇಲಂಚಿನಲ್ಲಿ ಸಾಸಿವೆಯಷ್ಟು ಚಿಕ್ಕ ಹಸಿರು ಚುಕ್ಕಿಯೊಂದು ಕಂಡದ್ದು ಆ ದಿನಗಳಲ್ಲೇ. ಮೊದಲು ಯಾವುದೋ ಬೆಳಕಿನ ಪ್ರತಿಫಲನ ಎಂದುಕೊಂಡೆ. ಕರ್ಟನ್ ಎಳೆದರೂ ಅದು ಹೋಗಲಿಲ್ಲ, ಕತ್ತಲಾದಷ್ಟೂ ಸ್ಪಷ್ಟವಾಯಿತು. ಗಂಡನ ಕಾಲ್ ಇದ್ದಾಗ ಮಾತ್ರ ಹೊತ್ತಿಕೊಳ್ಳುತ್ತಿದ್ದ ಕ್ಯಾಮೆರಾದ ದೀಪ ಅದು ಎಂದು ನೆನಪಾದಾಗ ನನ್ನ ಕೈಯಲ್ಲಿದ್ದ ಬಟ್ಟೆಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆಗ ಕಾಲ್ ಇರಲಿಲ್ಲ.

ನೋಡಲೆಂದು ಆ್ಯಪ್ ತೆರೆದೆ. ಬಣ್ಣದ ಕಾಗದದ ಚೂರುಗಳು ಉದುರಿದವು. ಶಹಬ್ಬಾಸ್, ಇದು ನಿಮ್ಮ ಈ ವಾರದ ಪ್ರಗತಿ ಎಂದು ಬರೆದಿತ್ತು. ಅದರ ಕೆಳಗೆ ಸಣ್ಣ ಸಣ್ಣ ಚಿತ್ರಗಳ ಸಾಲು. ನಮ್ಮ ಮಂಚ. ನಮ್ಮ ಬಕೆಟ್. ಬಳೆ ಹಾಕಿದ ನನ್ನ ಮೊಣಕೈ. ಒಂದರಲ್ಲಿ ಮಾಮಿಯ ಬೆನ್ನು, ಭುಜದ ಕೆಳಗಿನ ಮಚ್ಚೆಯ ಸಮೇತ. ಆ ಮಚ್ಚೆ ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ನನಗೇ ಆಪರೇಷನ್ ಆದ ಮೇಲೆ ಗೊತ್ತಾದದ್ದು.

ಮಾಮಿಗೂ ಪರದೆಗೂ ನಡುವೆ ಬಂದು ನಿಂತೆ. ಹಾಗೆಯೇ ಹಿಂದಕ್ಕೆ ಕೈಚಾಚಿ ಸ್ವಿಚ್ ಆರಿಸಿದೆ.

ಅಡುಗೆಮನೆಯಿಂದ ಗಂಡನಿಗೆ ಫೋನ್ ಮಾಡಿದೆ. ಆ ಚಿತ್ರಗಳ ವಿಷಯ ಹೇಳಿದೆ.

“ಕೇಳದ ಹಾಗೆ ಮಾಡಲಿಕ್ಕೆ ‘ಯಾವಾಗಲೂ ಸರಿ’ ಅಂತ ಅದೊಂದೇ ಗುಂಡಿ ಇದ್ದದ್ದು. ಅದನ್ನು ಒತ್ತಿದೆ,” ಎಂದರು. ಮತ್ತೆ, “ನಮ್ಮ ಕಂಪ್ಯೂಟರಿನ ಒಳಗೇ ಇರಬಹುದು ಅದು. ಹೊರಗೆ ಹೋಗಿರಲಿಕ್ಕಿಲ್ಲ.”

“ಇರಲಿಕ್ಕಿಲ್ಲ ಅಂದ್ರೆ? ನಿಮಗೆ ಗೊತ್ತುಂಟಾ?”

“ನೋಡ್ತೇನೆ,” ಎಂದರು.

ನಾನು ಮತ್ತೆ ಕಂಪ್ಯೂಟರ್ ಹಾಕಿಕೊಟ್ಟಾಗ ಅಲ್ಲಿಂದಲೇ ಆ್ಯಪನ್ನು ತೆಗೆದುಹಾಕಿದರು. ಅದರ ಕಂಪನಿಗೆ ಬರೆದರು. ಸಂಪರ್ಕಿಸಿದ್ದಕ್ಕೆ ಧನ್ಯವಾದ ಎಂಬ ಉತ್ತರ ಬಂತು. ಚಿತ್ರಗಳು ಎಲ್ಲಿವೆ ಎಂಬುದಕ್ಕೆ ಉತ್ತರ ಈವರೆಗೂ ಬಂದಿಲ್ಲ.

ಪದೇ ಪದೇ ಬರುವ ಇಂಥ ಪ್ರಶ್ನೆಗಳನ್ನು ನಿಲ್ಲಿಸುವ ದಾರಿ ಕಂಪ್ಯೂಟರಿನಲ್ಲಿ ಇರಬೇಕೇ ಎಂದು ಯಾರಾದರೂ ಕೇಳಿದರೆ ಇರಬೇಕು ಎಂದೇ ನಾನು ಹೇಳುತ್ತೇನೆ. ಸೌಟು ಹಿಡಿದ ಕೈಯಲ್ಲಿ ದಿನವಿಡೀ ಬೇಡ ಬೇಡ ಎನ್ನುತ್ತ ಕೂರಲು ಯಾರಿಂದಾಗುತ್ತದೆ? ದಣಿದು ಯಾರೋ ಒಬ್ಬರು ಒಮ್ಮೆ ಸರಿ ಎಂದುಬಿಡುತ್ತಾರೆ. ಹಾಗೆ ದಣಿಯಲೆಂದೇ ಕೇಳುತ್ತಾರೋ ಏನೋ. ಆದರೆ ಪ್ರಶ್ನೆ ನಿಂತ ಮೇಲೆ ಒಳಗೆ ಉಳಿಯಬೇಕಾದದ್ದು ನಮ್ಮ ‘ಬೇಡ’. ಸರಿ ಎಂದದ್ದನ್ನು ಯಾವಾಗಲೂ ನೆನಪಿಡುವ ಯಂತ್ರಕ್ಕೆ ಬೇಡ ಎಂದದ್ದನ್ನು ನೆನಪಿಡಲು ಏನು ಕಷ್ಟ? ಅದನ್ನು ಮಾಡಿಕೊಡದೆ ಸದ್ದನ್ನು ಮಾತ್ರ ಅಡಗಿಸಿದರೆ, ಒಳಗೆ ಬರುವವನು ಬರುತ್ತಲೇ ಇರುತ್ತಾನೆ. ಕೆಮ್ಮುವುದಿಲ್ಲ, ಅಷ್ಟೇ.

ಕನ್ನಡಿಯ ಅಂಚಿಗೆ ಅಂಟಿಸಿಟ್ಟ ಬೊಟ್ಟುಗಳಲ್ಲಿ ದೊಡ್ಡದೊಂದನ್ನು ಕಿತ್ತು ಕ್ಯಾಮೆರಾದ ಮೇಲೆ ಒತ್ತಿದೆ. ಮೈಕ್ ಎಲ್ಲಿದೆಯೆಂದು ಮಾತ್ರ ಹುಡುಕಿದರೂ ಸಿಗಲಿಲ್ಲ.

ಮಾಮಿಗೆ ನಾನು ಏನೂ ಹೇಳಲಿಲ್ಲ. ಮರುದಿನ ಬಕೆಟ್ ತಂದು ಇಡುವಾಗ ಅವರು ಪರದೆಯನ್ನೇ ನೋಡುತ್ತಿದ್ದರು.

“ಈಗ ಆ ಟಿಂಗ್ ಬರುವುದಿಲ್ವಲ್ಲ?”

“ಅದನ್ನು ತೆಗೆದಾಯ್ತು ಮಾಮಿ.”

“ಮತ್ತೆ ಅದಕ್ಕೆ ಬೊಟ್ಟು ಯಾಕೆ?”

ಬಟ್ಟೆ ಹಿಂಡುತ್ತ, “ಸುಮ್ಮನೆ,” ಎಂದೆ. ಅವರು ನನ್ನ ಮುಖವನ್ನು ನೋಡಿದರು. ಹೆಂಗಸರ ಮುಖ ಓದುತ್ತಲೇ ಮುದುಕಿಯಾದವರು ಅವರು.

“ಹಾಗಾದ್ರೆ, ಹೆಣ್ಣು ನೋಡಿ ಆಯ್ತಾ?”

ಈ ಸಲ ನಗು ಬರಲಿಲ್ಲ, ಇಬ್ಬರಿಗೂ. ಅವರು ಬೈರಾಸನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಗೋಡೆಯ ಕಡೆಗೆ ಮುಖ ತಿರುಗಿಸಿದರು.

“ನೀರು ಆರ್ತದೆ,” ಎಂದರು. “ಇದರ ಅಡಿಯಿಂದಲೇ ಒರೆಸು.”