ಮಿಸ್ ಮುಟ್ಟದ ಮತ್ತಿ ಮರ

ನಮ್ಮ ಬಯಾಲಜಿ ಮಿಸ್ಸಿನ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಯಾವ ಎಲೆ ಸಿಕ್ಕರೂ ಅದರ ನಡುನರವನ್ನು ಉಗುರಿನಿಂದ ಗೀರಿ, ಮೂಸಿ ನೋಡಿ, ಆಮೇಲೆ ಹೆಸರು ಹೇಳುವುದು ಅವರ ಪದ್ಧತಿ. ಅದೇ ಕೈಯಲ್ಲಿ ಊಟವನ್ನೂ ಮಾಡುತ್ತಾರಲ್ಲ ಎಂದು ನಾವು ಹುಡುಗಿಯರು ಮುಖ ಕಿವುಚುತ್ತಿದ್ದೆವು.

ಫ್ರೇಜರ್ ಟೌನಿನ ನಮ್ಮ ಶಾಲೆಯಲ್ಲಿ ಉಳಿದ ಟೀಚರುಗಳು ಕ್ಲಾಸಿನಿಂದ ಕ್ಲಾಸಿಗೆ ಹೋಗುತ್ತಿದ್ದರು. ಮಿಸ್ ಹತ್ತಿರ ಮಾತ್ರ ಕ್ಲಾಸುಗಳೇ ಬರಬೇಕಿತ್ತು. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಅವರ ಎರಡೂ ಕಾಲು ಸೋತಿದ್ದವು. ನೆಲಮಹಡಿಯ ಮೂಲೆ ಕೋಣೆಯೇ ಅವರ ರಾಜ್ಯ. ಸೋಮವಾರ ಪ್ರತಿಯೊಬ್ಬರೂ ಒಂದೊಂದು ಎಲೆ ತರಬೇಕು, ಕಿತ್ತು ತಂದರೆ ಬೈಗುಳ. "ಬಿದ್ದಿದ್ದನ್ನ ತನ್ನಿ. ಕಿತ್ಕೊಂಡ್ ಬರೋಕೆ ನೀವೇನು ಮೇಕೆಗಳಾ?" ಒಮ್ಮೆ ರಜೆಗೆ ಊರಿಗೆ ಹೋದವಳೊಬ್ಬಳು ಮತ್ತಿ ಎಲೆ ತಂದಳು. ಮಿಸ್ ಅದನ್ನು ಮಗುಚಿ, ಬುಡದ ಎರಡು ಪುಟ್ಟ ಗಂಟುಗಳನ್ನು ತೋರಿಸಿ, ಈ ಮರದ ತೊಗಟೆ ಮೊಸಳೆಯ ಬೆನ್ನಿನ ಹಾಗಿರುತ್ತದೆ ಎಂದು ಕಣ್ಣರಳಿಸಿದರು. ಆ ಮರವನ್ನು ಅವರು ಕಂಡೇ ಇಲ್ಲ ಎಂಬುದು ನಮಗೆ ಹೊಳೆಯಲಿಲ್ಲ.

ನಾನು ಸಿವಿಲ್ ಇಂಜಿನಿಯರ್ ಆದೆ. ನಿವೃತ್ತರಾದ ಮಿಸ್ ಗಾಲಿಕುರ್ಚಿಯಲ್ಲಿ, ಕಮ್ಮನಹಳ್ಳಿಯ ತಂಗಿಯ ಮನೆಯಲ್ಲಿದ್ದರು. ಕೆ.ಆರ್. ಪುರದ ಆಚೆಯ, ಅರಣ್ಯ ಇಲಾಖೆಯ ಹಳೇ ನೆಡುತೋಪೊಂದನ್ನು ಸಾರ್ವಜನಿಕರಿಗೆ ತೆರೆಯುವಾಗ ಅಲ್ಲಿನ ದಾರಿಯ ಕೆಲಸ ನಮ್ಮ ಕಂಪನಿಗೆ ಬಂತು, ಸೈಟಿನ ಉಸ್ತುವಾರಿ ನನಗೆ. ಮರಗಳ ನಡುವೆ ಗಾಲಿಕುರ್ಚಿ ಓಡುವಂತೆ ಸಪಾಟಾದ ದಾರಿ, ಮೆಟ್ಟಿಲಿದ್ದಲ್ಲೆಲ್ಲ ಇಳಿಜಾರು. ಮಿಸ್ ಮುಂದೆ ಹೋಗಿ ಜಂಬ ಕೊಚ್ಚಿಕೊಂಡೆ.

"ಅಲ್ಲಿ ಮತ್ತಿ ಇದ್ಯೇನೇ?"

"ಸಾಲಾಗಿದಾವೆ ಮಿಸ್."

"ನಲವತ್ತು ವರ್ಷ ಅದರ ತೊಗಟೆ ಬಗ್ಗೆ ಪಾಠ ಮಾಡಿದೀನಿ. ಒಂದ್ಸಲ ಕೈಯಾಡಿಸ್ಬೇಕು ಕಣೇ."

ಭಾನುವಾರ ಕಾರಿನಲ್ಲಿ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಸೀರೆ, ತೊಡೆಯ ಮೇಲೆ ಭೂತಗನ್ನಡಿ. ದೊಡ್ಡ ಗೇಟಿಗೆ ಬೀಗ. ಜನ ಹೋಗುವ ಪಕ್ಕದ ಗೇಟಿನಲ್ಲಿ ಬೈಕು ನುಗ್ಗದಂತೆ ಕಬ್ಬಿಣದ ಪೈಪುಗಳನ್ನು ಅಂಕುಡೊಂಕಾಗಿ ನೆಡಲಾಗಿತ್ತು. ಮನುಷ್ಯರು ಮೈ ತಿರುಗಿಸಿಕೊಂಡು ದಾಟಬಹುದು, ಕುರ್ಚಿ ದಾಟುವುದಿಲ್ಲ. ಅದನ್ನು ಹಾಕಿಸಿದವಳು ನಾನೇ. ಬೈಕಿನವರ ಕಾಟ ಎಂದು ವಾಕಿಂಗಿನವರು ದೂರಿದ್ದಕ್ಕೆ, ಕೆಲಸದ ಕೊನೆಯ ವಾರ ವೆಲ್ಡರ್‌ಗೆ "ಬಿಗಿಯಾಗ್ ಹಾಕು, ಸ್ಕೂಟಿನೂ ನುಗ್ಬಾರ್ದು" ಎಂದು ನಿಂತು ಹೇಳಿದ್ದೆ. ಒಳಗೆ ಒಂದೂವರೆ ಕಿಲೋಮೀಟರು ಗಾಲಿಕುರ್ಚಿಯ ದಾರಿ ಮಾಡಿಸಿದ ಮಹಾ ಬುದ್ಧಿವಂತೆಗೆ ಬಾಗಿಲಲ್ಲಿ ಗಾಲಿಕುರ್ಚಿ ನೆನಪಾಗಿರಲಿಲ್ಲ.

"ದೊಡ್ ಗೇಟ್ ಕೀ ಆಫೀಸಲ್ಲಿದೆ ಮೇಡಂ. ಭಾನುವಾರ ಆಫೀಸ್ ರಜಾ," ಎಂದ ವಾಚ್‌ಮನ್. "ನಾಲ್ಕ್ ಜನ ಹಿಡ್ಕೊಂಡ್ರೆ ಎತ್ ಬಿಡಬಹುದು."

ವಾಕಿಂಗಿನ ಗಂಡಸರು ಆಗಲೇ ಅಂಗಿಯ ತೋಳು ಮಡಚುತ್ತಾ ಬಂದರು.

"ನಾನೇನು ಅಕ್ಕಿ ಮೂಟೆನಾ? ಮುಟ್ಬೇಡಿ," ಎಂದರು ಮಿಸ್. ಆಮೇಲೆ ನನ್ನ ಕಡೆ ತಿರುಗಿದರು. "ಈ ಪೈಪ್ ಯಾರೇ ಹಾಕಿಸಿದ್ದು?"

"ಇಲಾಖೆಯವರು ಮಿಸ್."

ಸುಳ್ಳು ಎಷ್ಟು ಸಲೀಸಾಗಿ ಬಂತು! ವಾರದ ದಿನ ಬೀಗ ತೆಗೆಸಿ ಕರೆದುಕೊಂಡು ಬರುತ್ತೇನೆಂದೆ. "ನನಗೋಸ್ಕರ ಬೀಗ ತೆಗೆಸೋಕೆ ನಾನೇನು ಮಂತ್ರಿನಾ? ಎಲ್ಲರ್ ಥರ ಹೋಗೋ ಹಾಗಾದಾಗ ಕರ್ಕೊಂಡ್ ಬಾ." ಹಾಗಾದರೆ ಒಂದು ಮತ್ತಿ ಎಲೆಯನ್ನಾದರೂ ತಂದುಕೊಡಲೇ ಎಂದೆ.

"ಎಲೆ ಬೇಕಾದಷ್ಟು ನೋಡಿದೀನಿ. ಇವತ್ತು ಮರ ನೋಡೋಕೆ ಬಂದಿದ್ದೆ."

ಕಾರು ತಿರುಗಿಸಿದೆ. ನಾನು ದಾರಿಯುದ್ದಕ್ಕೂ ಇಲಾಖೆಯನ್ನು ಬೈದೆ.

ಆಮೇಲೆ ಹೋದಾಗಲೆಲ್ಲ ಕೇಳುತ್ತಿದ್ದರು: "ಪೈಪ್ ತೆಗೆದ್ರೇನೇ?" "ಫೈಲ್ ಹೋಗಿದೆ ಮಿಸ್," ಎನ್ನುತ್ತಿದ್ದೆ. ಯಾವ ಫೈಲೂ ಹೋಗಿರಲಿಲ್ಲ. ತೆಗೆಯಿರಿ ಎಂದು ಬರೆದರೆ ಹಾಕಿಸಿದವರು ಯಾರೆಂಬ ಪ್ರಶ್ನೆ ಏಳುತ್ತಿತ್ತು. ಮಿಸ್ ಕಿವಿಗೂ ಬೀಳಬಹುದೆಂದು ಹೆದರಿದೆ. ಬರಬರುತ್ತ ಆ ಪ್ರಶ್ನೆಗೇ ಅಂಜಿ ಕಮ್ಮನಹಳ್ಳಿಯ ಕಡೆ ಹೋಗುವುದನ್ನೇ ಕಡಿಮೆ ಮಾಡಿದೆ. ಹೋದ ವರ್ಷ ಮಿಸ್‌ಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ಸೇರಿಸಿದ ನಾಲ್ಕನೇ ದಿನ ತೀರಿಕೊಂಡರು. ಅವರ ತಂಗಿ ಫೋನ್ ಮಾಡಿದಾಗ ನನಗೆ ಅಳುವಿಗಿಂತ ಮೊದಲು ಬಂದದ್ದು, ಇನ್ನು ಯಾರೂ ಕೇಳುವುದಿಲ್ಲ ಎಂಬ ನೆಮ್ಮದಿ. ಅಷ್ಟು ನೀಚಳಾಗಿದ್ದೆ.

ತಿಥಿಯ ಊಟ ಮುಗಿಸಿ ಬಂದ ಮರುದಿನ ಇಲಾಖೆಗೆ ಒಂದು ಕಾಗದ ಬರೆದೆ. ಅರ್ಧ ಪುಟ. ತಪ್ಪು ನಮ್ಮದು, ನಾವೇ ಸರಿಮಾಡಿಕೊಡುತ್ತೇವೆ ಎಂದು. ಯಾರು ಹಾಕಿಸಿದ್ದೆಂದು ಯಾರೂ ಕೇಳಲಿಲ್ಲ. ಎಂಟೇ ದಿನದಲ್ಲಿ ಒಪ್ಪಿಗೆ ಬಂತು. ಅದೇ ವೆಲ್ಡರ್ ಇಪ್ಪತ್ತು ನಿಮಿಷದಲ್ಲಿ ಪೈಪು ಕತ್ತರಿಸಿ, ಟೀ ಕುಡಿದು ಹೋದ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ನಾನು ತೆಗೆಸಿದೆ.

ಆ ಭಾನುವಾರ "ನಾನೇ ಹಾಕಿಸಿದ್ದು ಮಿಸ್" ಎಂದಿದ್ದರೆ ಅವರು ವಾಕಿಂಗಿನವರೆಲ್ಲರ ಎದುರಿಗೆ ನನ್ನ ಮಾನ ಹರಾಜು ಹಾಕುತ್ತಿದ್ದರು. ಮುಂದಿನ ಭಾನುವಾರದೊಳಗೆ ನನ್ನ ಕೈಯಲ್ಲೇ ಪೈಪನ್ನೂ ತೆಗೆಸುತ್ತಿದ್ದರು.