ಎಂಟು ಚುಕ್ಕೆ ಅಗಲದ ಎದೆಕವಚ

ತುಮಕೂರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನಾನು ಏಳು ವರ್ಷ ಡಿಸೈನರ್ ಆಗಿದ್ದೆ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ. ಕಂಪ್ಯೂಟರಿನಲ್ಲಿದ್ದ ಒಂದೇ ಗುಲಾಬಿ ಹೂವನ್ನು ಮದುಮಕ್ಕಳಿಗೂ ಅಂಟಿಸುತ್ತಿದ್ದೆ, ಸತ್ತವರಿಗೂ ಅಂಟಿಸುತ್ತಿದ್ದೆ. ಆ ಬೇಸರ ಕಳೆಯಲು ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದೆ. ಚೌಕದ ಬ್ಲಾಕುಗಳನ್ನು ಒಂದರ ಮೇಲೊಂದು ಇಟ್ಟು ಮನೆ, ಕೋಟೆ, ಊರು ಕಟ್ಟುವ ಆಟ. ಮೂವತ್ತೆರಡು ವರ್ಷದ ಹೆಂಗಸು ವಿಡಿಯೋ ಗೇಮ್ ಆಡುತ್ತಾಳೆಂದು ನಮ್ಮ ಬೀದಿಯವರು ನಗುತ್ತಿದ್ದರು. ನಕ್ಕರೆ ನಗಲಿ ಎಂದು ಬಿಟ್ಟಿದ್ದೆ. ನನಗೆ ಸಿಟ್ಟು ಬಂದದ್ದು ಆ ನಗುವಿಗಲ್ಲ.

ಆ ಆಟದಲ್ಲಿ ಕಲ್ಲು, ಮರ, ಮಣ್ಣು ಹೇಗೆ ಕಾಣಬೇಕು ಎಂಬುದನ್ನು ನಾವೇ ಬರೆದು ಹಾಕಬಹುದು. ಅದನ್ನು ಟೆಕ್ಸ್ಚರ್ ಅನ್ನುತ್ತಾರೆ. ಬ್ಲಾಕಿನ ಒಂದು ಮುಖಕ್ಕೆ ಅಡ್ಡ ಹದಿನಾರು, ಉದ್ದ ಹದಿನಾರು ಚುಕ್ಕೆ, ಅಂದರೆ ಪಿಕ್ಸೆಲ್. ಅಷ್ಟರಲ್ಲೇ ಎಲ್ಲ ಹೇಳಬೇಕು. ಆಟದ ಜೊತೆ ಬಂದ ಕಲ್ಲು ನನಗೆ ಕಲ್ಲಿನಂತೆ ಕಾಣಲಿಲ್ಲ. ಅಮ್ಮನ ತವರು ಕುಣಿಗಲ್. ಅಲ್ಲಿನ ಕೆರೆ ಏರಿಯ ಕಲ್ಲುಗಳ ಮೇಲೆ ಕೂತು ಬೆಳೆದವಳು ನಾನು. ಒಂದು ಭಾನುವಾರ ಹೋಗಿ ಅವುಗಳ ಫೋಟೊ ತೆಗೆದುಕೊಂಡು ಬಂದೆ. ಕಲ್ಲಿನ ಬೂದು, ನೀರಿನ ಗೆರೆ, ಸಂದಿಯ ಪಾಚಿ. ಪಾಚಿಯದೇ ಕಷ್ಟ. ಒಂದು ಬ್ಲಾಕಿನಲ್ಲಿ ಚೆಂದ ಕಾಣುವ ಪಾಚಿ, ನೂರು ಬ್ಲಾಕ್ ಜೋಡಿಸಿದರೆ ರಂಗೋಲಿಯ ಸಾಲಿನಂತೆ ಒಂದೇ ಸಮ ಕಂಡು ಸುಳ್ಳು ಬಯಲಾಗುತ್ತದೆ. ಅಂಚು ಅಂಚಿಗೆ ಕೂಡಬೇಕು, ಕೂಡಿದ್ದು ಕಾಣಬಾರದು. ಒಂದು ಕಲ್ಲಿಗೆ ಮೂರು ವಾರ ಹಿಡಿಯಿತು.

ಬ್ಲಾಕುಗಳಾದ ಮೇಲೆ ಆಟದ ಯೋಧರಿಗೆ ತೊಡಿಸುವ ಕವಚ ಬರೆಯಬೇಕೆನಿಸಿತು. ನಮ್ಮ ಅಂಗಡಿಗೆ ಪೌರಾಣಿಕ ನಾಟಕಗಳ ಬ್ಯಾನರ್ ಕೆಲಸ ಬಹಳ ಬರುತ್ತಿತ್ತು. ಅದರ ಮೂಲಕವೇ ಗುಬ್ಬಿಯ ಒಬ್ಬ ಗಂಡ ಹೆಂಡತಿಯ ಪರಿಚಯವಾಗಿತ್ತು. ನಾಟಕದ ಕಿರೀಟ, ಭುಜಕೀರ್ತಿ, ಎದೆಕವಚ ಮಾಡಿ ಬಾಡಿಗೆಗೆ ಕೊಡುವವರು. ಊರೆಲ್ಲ ಅವರನ್ನು ಚಾಚಾ, ಚಾಚಿ ಎಂದೇ ಕರೆಯುತ್ತಿತ್ತು; ನಾನೂ ಹಾಗೇ ಕರೆದೆ. ಚಾಚಾ ರಟ್ಟು ಕತ್ತರಿಸಿ ಆಕಾರ ಕೊಡುತ್ತಿದ್ದರು. ಅದರ ಮೇಲೆ ಮಣಿ, ಜರಿ, ಕನ್ನಡಿ ಚೂರು ಕಟ್ಟುವುದೆಲ್ಲ ಚಾಚಿಯ ಕೈಕೆಲಸ.

ಕವಚದ ಟೆಕ್ಸ್ಚರ್ ಎಂದರೆ ತಲೆ, ಎದೆ, ತೋಳು, ಕಾಲು ಎಲ್ಲವನ್ನೂ ಬಿಚ್ಚಿ ಚಪ್ಪಟೆ ಮಾಡಿ ಹರಡಿದ ಒಂದು ಹಾಳೆ. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ನಾಲ್ಕು ವಿಡಿಯೋ ಬೇಕಾಗಿತ್ತು. ಲ್ಯಾಪ್‌ಟಾಪ್ ತೋರಿಸಿದಾಗ ಚಾಚಾ ಕನ್ನಡಕ ಏರಿಸಿ ಒಂದೇ ಸಲ ನೋಡಿ, "ಇದು ರಟ್ಟು ಕತ್ತರ್ಸಿ ಬಿಚ್ಚಿಟ್ಟಂಗೈತಲ್ಲಮ್ಮ. ಇದು ಬೆನ್ನು, ಇದು ಮಗ್ಗುಲು," ಎಂದು ಬೆರಳಿಟ್ಟು ತೋರಿಸಿದರು.

ಎದೆಗೆ ಸಿಗುವುದು ಅಡ್ಡ ಎಂಟು ಚುಕ್ಕೆ. ಅಷ್ಟರಲ್ಲಿ ನಾನು ಮಣಿಗಳನ್ನೆಲ್ಲ ತುರುಕಲು ಹೋಗಿ ಗಂಜಿ ಮಾಡಿಟ್ಟಿದ್ದೆ. ಚಾಚಿ ನೋಡಿ ಮೂತಿ ಸೊಟ್ಟಗೆ ಮಾಡಿದರು.

"ಮಣಿ ಯಾಕ್ ಬರೀತೀಯ? ಮಿಂಚು ಬರಿ. ಕಡೇ ಸಾಲ್ನಾಗೆ ಕೂತೋನಿಗೆ ಮಣಿ ಎಲ್ ಕಾಣ್ತೈತೆ? ಮೇಲ್ಗಡೆ ಬಿಳೀದು, ನಡುವೆ ಅರಿಶಿನ, ಕೆಳ್ಗಡೆ ಕಂದು. ಅಷ್ಟೇ. ಮಿಕ್ಕಿದ್ದು ಅವ್ನ ಕಣ್ಣೇ ಕಟ್ಕಂತೈತೆ."

ನಾಲ್ಕು ತಿಂಗಳು ಪ್ರತಿ ಭಾನುವಾರ ಗುಬ್ಬಿಗೆ ಹೋದೆ. ಚಾಚಿಯ ಪಕ್ಕದಲ್ಲೇ ಚಾಪೆ ಮೇಲೆ ಕೂತು, ಅವರು ಕಟ್ಟಿದ್ದನ್ನು ನೋಡಿ ನೋಡಿ ಬರೆದೆ. ಮುಗಿದಾಗ ಅದು ನಿಜಕ್ಕೂ ಹೊಳೆಯಿತು. ಇಂಟರ್‌ನೆಟ್‌ಗೆ ಹಾಕಿದೆ. ಅಲ್ಲಿನ ನನ್ನ ಪುಟದಿಂದ ಎಲ್ಲೆಲ್ಲಿಯವರೋ ಇಳಿಸಿಕೊಂಡು ಆಡಿದರು, ಹೊಗಳಿದರು. ನಾನು ಹಿಗ್ಗಿದೆ.

ಆ ಹಿಗ್ಗಿನಲ್ಲೇ ಮಾಡಬಾರದ ಕೆಲಸ ಮಾಡಿದೆ. ತುಮಕೂರಿನಲ್ಲಿ ಅನಿಮೇಷನ್ ತರಬೇತಿ ಕೊಡುವ ಒಬ್ಬರ ಹತ್ತಿರ ನಾನು ಹಿಂದೆ ಮೂರು ತಿಂಗಳ ಕೋರ್ಸ್ ಮಾಡಿದ್ದೆ. ಅವರಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂಬ ಆಸೆ. ಫೋನ್ ಮಾಡಿದೆ. "ಲೇಯರ್ ಸಮೇತ ಪೂರ್ತಿ ಫೈಲ್ ಕಳ್ಸಮ್ಮ, ಕೂತ್ಕೊಂಡು ನೋಡ್ತೀನಿ," ಅಂದರು. ಲೇಯರ್ ಎಂದರೆ ಪದರ ಪದರವಾಗಿ ಬರೆದ ನನ್ನ ಮೂಲ; ಬರೆದವರು ಯಾರೆಂಬುದಕ್ಕೆ ಅದೇ ಸಾಕ್ಷಿ. ಕಳಿಸಿದೆ. ಉತ್ತರ ಬರಲಿಲ್ಲ.

ಮೂರು ತಿಂಗಳಾದ ಮೇಲೆ ಅವರ ಕಡೆಯವರು ನಮ್ಮ ಅಂಗಡಿಗೆ ಒಂದು ಪೆನ್‌ಡ್ರೈವ್ ತಂದುಕೊಟ್ಟು ಹೋದರು. ಕಾರ್ಯಕ್ರಮವೊಂದರ ಬ್ಯಾನರ್. ತೆರೆದೆ. ನನ್ನ ಕವಚಗಳು. ಕುಣಿಗಲ್ ಕೆರೆ ಏರಿಯ ನನ್ನ ಕಲ್ಲು. ಅದರ ಮುಂದೆ ಕೈಕಟ್ಟಿ ನಿಂತ ಅವರ ಫೋಟೊ, ಕೆಳಗೆ ಅವರ ಹೆಸರು, ಮೇಲೆ ದಪ್ಪಕ್ಷರದಲ್ಲಿ: 'ಅಳಿದುಹೋದ ನಾಟಕ ವೇಷಕಲೆಗೆ ಡಿಜಿಟಲ್ ಮರುಜನ್ಮ.'

ಕಿವಿ ಕಾದವು. ಮಾಲೀಕರಿಗೆ ಹೇಳಿದೆ. ಅವರು ಪರದೆಯನ್ನೂ ನೋಡಲಿಲ್ಲ. "ನಮ್ದು ಪ್ರಿಂಟ್ ಹಾಕೋ ಕೆಲ್ಸ ಕಣಮ್ಮ. ಯಾರ್ದು ಏನು ಅಂತ ಕೇಳ್ತಾ ಕೂತ್ರೆ ಅಂಗ್ಡಿ ಬಾಗ್ಲು ಹಾಕ್ಬೇಕಾಯ್ತದೆ." ನನ್ನ ಕೈಯಲ್ಲೇ ಆ ಬ್ಯಾನರ್ ಪ್ರಿಂಟ್ ಹಾಕಿದೆ. ಮೂಲೆಗಳಿಗೆ ತೂತು ಹೊಡೆದು ಸುರುಳಿ ಸುತ್ತಿ ಕೊಟ್ಟವಳೂ ನಾನೇ. ಅದನ್ನು ನೆನೆದರೆ ಈಗಲೂ ಅಂಗೈ ಉರಿಯುತ್ತದೆ. ಅಲ್ಲೇ ಹರಿದು ಹಾಕಬೇಕಿತ್ತು.

ತರಬೇತಿಯವರಿಗೆ ಫೋನ್ ಮಾಡಿದೆ. "ಸಾರ್, ಆ ಬ್ಯಾನರ್‌ನಲ್ಲಿರೋದು ನನ್ ಕೆಲ್ಸ."

"ಯಾರ್ ಇಲ್ಲ ಅಂದ್ರಮ್ಮ? ನೀನೂ ನಮ್ ಸ್ಟೂಡೆಂಟೇ ತಾನೆ? ಸ್ಟೂಡೆಂಟ್ ಮಾಡಿದ್ದು ಅಂದ್ರೆ ಇನ್‌ಸ್ಟಿಟ್ಯೂಟ್ ಮಾಡ್ದಂಗೇ."

"ಹಂಗಾದ್ರೆ ನನ್ ಹೆಸ್ರೆಲ್ಲಿ ಸಾರ್?"

ಸ್ವಲ್ಪ ನಕ್ಕರು. "ಬೇಜಾರ್ ಮಾಡ್ಕೋಬೇಡ. ನೀನೇನ್ ನಿನ್ ತಲೆಯಿಂದ ತೆಗ್ದಿದ್ಯಾ? ಆ ಡ್ರೆಸ್ ಮಾಡ್ದೋರ ಹೆಸ್ರು ನೀನ್ ಎಲ್ ಹಾಕಿದ್ಯಾ ತೋರ್ಸು, ನೋಡೋಣ."

ಫೋನ್ ಇಟ್ಟರು. ನಾನು ನನ್ನ ಪುಟ ತೆರೆದು ನೋಡಿದೆ. 'ಗುಬ್ಬಿ ಸೀಮೆಯ ನಾಟಕ ವೇಷಗಳಿಂದ ಪ್ರೇರಿತ' ಎಂದಿತ್ತು. ಮೇಲೆ ನನ್ನ ಹೆಸರು. ಕಳ್ಳನ ಬಾಯಿಂದ ಬಂದರೂ ಮಾತು ನಿಜವಾಗಿತ್ತು. ಅವನ ಮೇಲಿದ್ದ ಸಿಟ್ಟು ಇಮ್ಮಡಿಯಾಯಿತು, ಆದರೆ ಅದರಲ್ಲಿ ಎಷ್ಟು ಪಾಲು ನನ್ನ ಮೇಲಿನದು ಎಂದು ಬಿಡಿಸಿ ನೋಡುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ರಜೆ ಹಾಕಿ ಗುಬ್ಬಿಗೆ ಹೋದೆ. ಮೊಬೈಲಿನಲ್ಲಿ ಬ್ಯಾನರಿನ ಫೋಟೊ ತೋರಿಸಿದೆ. ಚಾಚಿ ಅಕ್ಷರ ಕೂಡಿಸಿಕೊಂಡು ಓದಿದರು.

"ಅಳಿದುಹೋದ? ಯಾರ್ ಅಳ್ದೋದೋರು? ನಾನಾ? ಇವ್ರಾ?"

ನಾನು ಎಲ್ಲ ಹೇಳಿದೆ. ನನ್ನ ಪುಟದಲ್ಲಿ ಅವರ ಹೆಸರಿಲ್ಲದ್ದನ್ನೂ ಹೇಳಿದೆ. ಚಾಚಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಯಾಕ್ ಹಾಕ್ಲಿಲ್ಲ?"

"ಆಟ ಆಡೋರು ಹೆಸ್ರೆಲ್ಲ ಓದಲ್ಲ ಚಾಚಿ."

"ಓದಲ್ಲ ಅಂದ್ಮೇಲೆ ನಿಂದ್ಯಾಕೆ ಹಾಕ್ಕಂಡೆ?"

ಚಾಚಾ, "ಹೋಗ್ಲಿ ಬುಡೇ," ಎಂದು ನಡುವೆ ಬಂದರು. ಚಾಚಿ ಬಿಡಲಿಲ್ಲ. "ಅವ್ನಾದ್ರೆ ನಮ್ಮನ್ ನೋಡಿಲ್ಲ, ನೋಡ್ದಲೇ ಸಾಯ್ಸವ್ನೆ. ನೀನು ನಾಕ್ ತಿಂಗ್ಳು ನನ್ ಮಗ್ಗುಲಾಗೇ ಕೂತಿದ್ದೆ." ಆಮೇಲೆ ಎದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ರಾಜಪಾರ್ಟಿನ ಎದೆಕವಚವನ್ನು ತೆಗೆದು ಬಟ್ಟೆಚೀಲಕ್ಕೆ ಹಾಕಿದರು. "ಯಾವತ್ತೈತೆ ಅದು? ನಾವೂ ಬತ್ತೀವಿ."

ಕಾರ್ಯಕ್ರಮ ತುಮಕೂರಿನ ಒಂದು ಸಭಾಂಗಣದಲ್ಲಿ, ಬೆಳಗ್ಗೆ. ಮೂವರೂ ಮಧ್ಯದ ಸಾಲಿನಲ್ಲಿ ಕೂತೆವು. ಚಾಚಿ ಕಪ್ಪು ಬುರ್ಖಾದ ಮೇಲೆ ಆ ಚೀಲವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡಿದ್ದರು. ವೇದಿಕೆಯ ಪರದೆ ಮೇಲೆ ನನ್ನ ಎಂಟು ಚುಕ್ಕೆಯ ಎದೆಕವಚ ಗೋಡೆಯಷ್ಟು ದೊಡ್ಡದಾಗಿ ಬಂತು. ಆ ಮನುಷ್ಯ ಕೋಲು ಹಿಡಿದು ವಿವರಿಸುತ್ತಾ ಎಡಭಾಗದ ಒಂದು ಒಂಟಿ ಬಿಳಿ ಚುಕ್ಕೆಯ ಹತ್ತಿರ ನಿಂತ.

"ಇಲ್ಲಿ ಗಮನಿಸಿ. ಈ ಶ್ವೇತಬಿಂದು ಚಂದ್ರವಂಶದ ಗುರುತು. ನಮ್ಮ ಸಂಶೋಧನೆಯಿಂದ ಇದು ಬೆಳಕಿಗೆ ಬಂತು."

ಮುಂದಿನ ಸಾಲಿನ ಅತಿಥಿಗಳು ತಲೆದೂಗಿದರು. ನಾನು ಏಳಬೇಕೆನ್ನುವಷ್ಟರಲ್ಲಿ ಪಕ್ಕದಲ್ಲಿ ಚಾಚಿ ಎದ್ದು ನಿಂತಾಗಿತ್ತು.

"ಅದು ಗುಂಡಿ ಕಣ್ ಸ್ವಾಮಿ!"

ಸಭೆ ತಿರುಗಿತು. ಚಾಚಿ ಚೀಲದಿಂದ ಎದೆಕವಚ ತೆಗೆದು ಎರಡೂ ಕೈಯಲ್ಲಿ ಎತ್ತಿ ಹಿಡಿದರು. "ಮಣಿ ಉದುರೋಗಿತ್ತು. ನಮ್ಮೆಜಮಾನ್ರ ಹಳೇ ಅಂಗಿ ಗುಂಡಿ ಕಿತ್ತು ನಾನೇ ಹೊಲ್ದಿದ್ದು. ಇಲ್ಲೈತೆ, ಬಂದ್ ನೋಡಿ. ಈ ಹುಡ್ಗಿ ನೋಡ್ಕಂಡು ಬರ್ಕಂಡವ್ಳೆ. ನಾವ್ಯಾರೂ ಅಳ್ದೋಗಿಲ್ಲ, ಗುಬ್ಬಿನಾಗೇ ಇದೀವಿ."

ಮೊದಲು ಒಂದಿಬ್ಬರು, ಆಮೇಲೆ ಇಡೀ ಸಭಾಂಗಣ ನಕ್ಕಿತು. ಅವನ ಮುಖ ಸುಟ್ಟ ಬದನೆಕಾಯಿಯಂತಾಗುತ್ತದೆ, ಎಲ್ಲ ಮುಗಿಯಿತು ಎಂದುಕೊಂಡೆ. ನಾನು ದಡ್ಡಿ. ಅವನು ಒಂದು ಕ್ಷಣ ತಡವರಿಸಿ, ಕೈಮುಗಿದು, ಮೈಕಿನಲ್ಲಿ ಹೇಳಿದ: "ನಮ್ಮ ಭಾಗ್ಯ ನೋಡಿ! ಮೂಲ ಕಲಾವಿದರೇ ಬಂದಿದ್ದಾರೆ. ದಯವಿಟ್ಟು ಯಜಮಾನರು ವೇದಿಕೆಗೆ ಬರಬೇಕು."

ಚಾಚಾ ಹೋದರು. ಅತಿಥಿಗಳಿಗೆಂದು ತಂದಿದ್ದ ಶಾಲೊಂದನ್ನು ಅವರಿಗೆ ಹೊದಿಸಿದರು. ಚಪ್ಪಾಳೆ, ಫೋಟೊ. ಮಣಿ ಕಟ್ಟಿದ ಕೈಗಳು ಮಧ್ಯದ ಸಾಲಿನಲ್ಲಿ ಎದೆಕವಚ ಹಿಡಿದು ನಿಂತೇ ಇದ್ದವು. ಯಾರೂ ಆ ಕಡೆ ನೋಡಲಿಲ್ಲ. ನಾನು ವೇದಿಕೆಯ ಮುಂದೆ ಹೋಗಿ, "ಹೆಸ್ರು ಹೇಳಿ ಸಾರ್, ಯಾರ್ ಮಾಡಿದ್ದು ಅಂತ ಹೇಳಿ!" ಎಂದು ಕೂಗಿದೆ. ಇಬ್ಬರು ಸ್ವಯಂಸೇವಕಿಯರು, "ಮೇಡಂ, ಆಮೇಲೆ ಮಾತಾಡೋಣ," ಎಂದು ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ಧ್ವನಿವರ್ಧಕದಲ್ಲಿ ಮುಂದಿನ ಅತಿಥಿಯ ಭಾಷಣ ಶುರುವಾಗಿತ್ತು.

ಗುಬ್ಬಿ ಬಸ್ಸಿನಲ್ಲಿ ಚಾಚಿ ಗಂಡನ ಮೇಲೆ ಹರಿಹಾಯ್ದರು. "ಶಾಲು ಕಂಡ್ ತಕ್ಷಣ ಬಗ್ಬುಟ್ರಲ್ಲ! ಬ್ಯಾಡ ಅನ್ನಾಕೆ ಬಾಯಿರ್ಲಿಲ್ವಾ?" ನಾನೂ ಅದನ್ನೇ ಕೇಳಬೇಕೆಂದಿದ್ದೆ. ಚಾಚಾ ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ನಲ್ವತ್ ವರ್ಷ ರಾಜರನ್ನ ಸಿಂಗರ್ಸಿ ಪರದೆ ಮುಂದಕ್ಕೆ ಕಳ್ಸಿದೀನಿ ಕಣೇ. ನನ್ನನ್ ಯಾರೂ ಕರ್ದಿರ್ಲಿಲ್ಲ. ಕರೆದ್ರು, ಕಾಲು ತಾನೇ ಹೋಯ್ತು." ಆ ಮಾತು ಕೇಳಿದ ಮೇಲೆ ನನ್ನ ಸಿಟ್ಟು ಇನ್ನೂ ಹೆಚ್ಚಿತು. ಶಾಲು ಹೊದಿಸಿದ ಆ ಮನುಷ್ಯನಿಗೆ ಯಾರನ್ನು ಎಲ್ಲಿ ಮುಟ್ಟಿದರೆ ಬಾಯಿ ಮುಚ್ಚುತ್ತದೆಂದು ಚೆನ್ನಾಗಿ ಗೊತ್ತಿತ್ತು.

ಮಾರನೆಯ ದಿನ 'ಹಿರಿಯ ಕಲಾವಿದರಿಗೆ ಸನ್ಮಾನ' ಎಂಬ ಫೋಟೊ ಎಲ್ಲರ ಮೊಬೈಲಿಗೂ ಬಂತು. ಅದರಲ್ಲಿ ಚಾಚಾರ ಹೆಸರು ಕೂಡ ತಪ್ಪಾಗಿತ್ತು. ನನ್ನ ಟೆಕ್ಸ್ಚರುಗಳನ್ನು ಅವನು ಇಂಟರ್‌ನೆಟ್‌ಗೂ ಹಾಕಿದ್ದ. ನಾನು ಆ ಸೈಟಿನವರಿಗೆ ದೂರು ಕೊಟ್ಟೆ. ಮೂಲ ಫೈಲ್ ತೋರಿಸಿ ಎಂದರು, ತೋರಿಸಿದೆ. ಅವನೂ ತೋರಿಸಿದ, ಲೇಯರ್ ಸಮೇತ. ನಾನೇ ಕಳಿಸಿದ್ದಲ್ಲವೆ? ನನ್ನವೂ ಅವನವೂ, ಎರಡೂ ಅಲ್ಲೇ ಉಳಿದವು.

ನನ್ನ ಪುಟವನ್ನು ತಿದ್ದಿದೆ. ಮೊದಲು ಚಾಚಿಯ ಹೆಸರು, ಆಮೇಲೆ ಚಾಚಾರದು, ಕೊನೆಗೆ ನನ್ನದು. ಅದನ್ನು ತೋರಿಸಿದ ದಿನ ಚಾಚಿ ಏನೂ ಹೊಗಳಲಿಲ್ಲ. "ಇನ್ಮೇಲೆ ನಾನ್ ನೋಡ್ದಲೆ ಏನೂ ಹಾಕ್‌ಬ್ಯಾಡ," ಎಂದಷ್ಟೇ ಹೇಳಿದರು. ಫ್ಲೆಕ್ಸ್ ಅಂಗಡಿ ಬಿಟ್ಟೆ. ಅವನ ಇನ್ನೊಂದು ಬ್ಯಾನರ್ ಬಂದಾಗ ಮುಟ್ಟುವುದಿಲ್ಲ ಎಂದೆ. ಮಾಲೀಕರು, "ಹಂಗಾದ್ರೆ ಮನೇಲಿರಮ್ಮ," ಎಂದರು. ಈಗ ಮನೆಯಲ್ಲೇ ಕೂತು ಆಟ ಆಡುವ ಗುಂಪುಗಳಿಗೆ ಟೆಕ್ಸ್ಚರ್ ಬರೆದುಕೊಡುತ್ತೇನೆ. ಸದ್ಯ ಕುದುರೆಗೆ ತೊಡಿಸುವ ಕವಚ ನಡೆದಿದೆ. ಚಾಚಿ ಎರಡು ಸಲ ಚೆನ್ನಾಗಿಲ್ಲವೆಂದು ವಾಪಸ್ ಕಳಿಸಿದ್ದಾರೆ.

ಹೋದ ತಿಂಗಳು ತುಮಕೂರು ಬಸ್ ನಿಲ್ದಾಣದಲ್ಲಿ ಅವನು ಎದುರಾದ. ಏನೂ ನಡೆದೇ ಇಲ್ಲವೆಂಬಂತೆ ನಕ್ಕ.

"ಏನಮ್ಮ, ಹೊಸದೇನ್ ಮಾಡ್ತಿದ್ಯ? ಕಳ್ಸು, ನೋಡ್ತೀನಿ."

"ಕಳ್ಸಲ್ಲ ಸಾರ್."

"ಅಯ್ಯೋ, ಇನ್ನೂ ಕೋಪನಾ?"

"ಹೂಂ ಸಾರ್," ಎಂದೆ. "ಇನ್ನೂ ಕೋಪನೇ."

ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗುಬ್ಬಿ ಬಸ್ ಬಂತು. ಹತ್ತಿ ಕೂತೆ.